ಲಿನಕ್ಸ್‌ನಲ್ಲಿ ಚಿತ್ರಾತ್ಮಕ ಪರದೆಯ ದೋಷ ಪರಿಹಾರ

ಲಿನಕ್ಸ್‌ನಲ್ಲಿ ಚಿತ್ರಾತ್ಮಕ ಪರದೆಯ ದೋಷ ಪರಿಹಾರ ಎಂದರೆ, ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆಯುಳ್ಳ ಗಣಕಯಂತ್ರದಲ್ಲಿ ಕಿಟಕಿ, ಚಿಹ್ನೆ, ಮೌಸ್‌ಗಳಿಂದ ಕೂಡಿದ ಪರದೆಯು ಮೂಡದಿದ್ದಾಗ ಅಥವಾ ವಿಕಾರವಾಗಿ ಮೂಡಿದಾಗ ಅದರ ಕಾರಣವನ್ನು ಗುರುತಿಸಿ ಸರಿಪಡಿಸುವ ಕ್ರಮ. ಪರದೆ ಪೂರ್ತಿ ಕಪ್ಪಾಗಿರುವುದು, ಗುಪ್ತಪದ ಕೊಟ್ಟರೂ ಮತ್ತೆ ಮತ್ತೆ ಲಾಗಿನ್ ಪುಟಕ್ಕೇ ಮರಳುವುದು, ಅಕ್ಷರಗಳು ಅತಿಯಾಗಿ ದಪ್ಪವಾಗಿ ಕಾಣುವುದು, ಪ್ರೊಜೆಕ್ಟರ್‌ನಲ್ಲಿ ಚಿತ್ರ ಬಾರದಿರುವುದು, ಕನ್ನಡದ ಬದಲು ಚೌಕಗಳು ಕಾಣುವುದು ಇವು ಇದರ ಸಾಮಾನ್ಯ ರೂಪಗಳು.

ಲಿನಕ್ಸ್‌ನಲ್ಲಿ ಚಿತ್ರಾತ್ಮಕ ಪರದೆಯು ಮೂಲ ವ್ಯವಸ್ಥೆಯ ಮೇಲೆ ಕೂರಿಸಿದ ಪ್ರತ್ಯೇಕ ಪದರ. ಅದು ಕುಸಿದರೂ ಕೆಳಗಿನ ವ್ಯವಸ್ಥೆ ಬಹುಮಟ್ಟಿಗೆ ಓಡುತ್ತಲೇ ಇರುತ್ತದೆ. ಬಳಕೆದಾರರ ಕಡತಗಳು ಡಿಸ್ಕ್‌ನಲ್ಲಿ ಇದ್ದಂತೆಯೇ ಇರುತ್ತವೆ. ಇದನ್ನು ತಿಳಿಯದೆ, ಪರದೆ ಕಪ್ಪಾದೊಡನೆ ಯಂತ್ರವೇ ಕೆಟ್ಟಿತೆಂದು ಭಾವಿಸಿ ‘ಫಾರ್ಮ್ಯಾಟ್’ ಮಾಡಿಸುವ ರೂಢಿಯಿದೆ. ಅಂಕಪಟ್ಟಿ, ಪ್ರಶ್ನೆಪತ್ರಿಕೆ, ಪ್ರಾಜೆಕ್ಟ್ ವರದಿಗಳು ನಾಶವಾಗುವುದು ಪರದೆಯ ದೋಷದಿಂದಲ್ಲ, ಅವಸರದ ಈ ಮರುಸ್ಥಾಪನೆಯಿಂದ.

ಹಿನ್ನೆಲೆ

ಯುನಿಕ್ಸ್ ಮಾದರಿಯ ಗಣಕಗಳಲ್ಲಿ ಬಹುಕಾಲ ಬಳಕೆಯಲ್ಲಿರುವ ಎಕ್ಸ್ ವಿಂಡೋ ವ್ಯವಸ್ಥೆಯು 1984ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯ ಅಥೀನಾ ಯೋಜನೆಯಲ್ಲಿ ಹುಟ್ಟಿತು. ಬಾಬ್ ಶೈಫ್ಲರ್ ಮತ್ತು ಜಿಮ್ ಗೆಟಿಸ್ ಇದರ ಆದ್ಯ ಕರ್ತೃಗಳು. ಇಂದಿಗೂ ನಡೆದುಬಂದಿರುವ ಹನ್ನೊಂದನೆಯ ಆವೃತ್ತಿ 1987ರಲ್ಲಿ ಹೊರಬಂದಿತು. ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಕರ್ನೆಲ್ ಬಿಡುಗಡೆ ಮಾಡಿದ ಮೇಲೆ, ಎಕ್ಸ್‌ಫ್ರೀ86 ಎಂಬ ರೂಪದಲ್ಲಿ ಈ ವ್ಯವಸ್ಥೆ ಸಾಮಾನ್ಯ ಪಿಸಿಗಳಿಗೆ ಬಂದಿತು. ಪರವಾನಗಿಯ ನಿಯಮಗಳು ಬದಲಾದ ಕಾರಣ 2004ರಲ್ಲಿ ಎಕ್ಸ್.ಆರ್ಗ್ ಎಂಬ ಹೊಸ ಕವಲು ಒಡೆಯಿತು. ಬಹುತೇಕ ಎಲ್ಲ ಲಿನಕ್ಸ್ ವಿತರಣೆಗಳೂ ಅದಕ್ಕೆ ಬದಲಾದವು.

ಆ ಕಾಲದಲ್ಲಿ ಪರದೆಯನ್ನು ಹೊಂದಿಸುವುದು ಪ್ರಯಾಸದ ಕೆಲಸವಾಗಿತ್ತು. ಮಾನಿಟರ್‌ನ ಅಡ್ಡ ಮತ್ತು ಉದ್ದದ ಆವರ್ತನಗಳನ್ನು ಅದರ ಕೈಪಿಡಿಯಿಂದ ಹುಡುಕಿ ಸಂರಚನಾ ಕಡತದಲ್ಲಿ ಬರೆಯಬೇಕಿತ್ತು. ತಪ್ಪು ಸಂಖ್ಯೆ ಕೊಟ್ಟರೆ ಗಾಜಿನ ಕೊಳವೆಯ ಹಳೆಯ ಮಾನಿಟರ್‌ಗಳು ಹಾಳಾಗಬಹುದೆಂಬ ಎಚ್ಚರಿಕೆ ದಸ್ತಾವೇಜುಗಳಲ್ಲಿಯೇ ಇರುತ್ತಿತ್ತು. 2009ರ ಲಿನಕ್ಸ್ 2.6.29ರಿಂದ ಮೊದಲು ಇಂಟೆಲ್ ಚಿಪ್‌ಗಳಿಗೆ, ಅನಂತರ ಉಳಿದವಕ್ಕೆ, ಪರದೆಯ ಅಳತೆಯನ್ನು ಕರ್ನೆಲ್ಲೇ ನಿಗದಿಪಡಿಸುವ ಏರ್ಪಾಡು ಬಂದಿತು. ಹೀಗಾಗಿ ಇಂದು ಸಂರಚನಾ ಕಡತವಿಲ್ಲದೆಯೇ ಪರದೆ ಮೂಡುತ್ತದೆ. ಹಳೆಯ ಲೇಖನಗಳನ್ನು ನೋಡಿ ಆ ಕಡತವನ್ನು ಹೊಸದಾಗಿ ಸೃಷ್ಟಿಸುವುದು ಇಲ್ಲದ ದೋಷವನ್ನು ಬರಮಾಡಿಕೊಂಡಂತೆ.

ಎಕ್ಸ್‌ಗೆ ಪರ್ಯಾಯವಾಗಿ ಕ್ರಿಸ್ಟಿಯನ್ ಹಾಗ್ಸ್‌ಬರ್ಗ್ 2008ರಲ್ಲಿ ಆರಂಭಿಸಿದ್ದು ವೇಲ್ಯಾಂಡ್. ಫೆಡೋರಾ 2016ರಲ್ಲಿ ಇದನ್ನು ಪೂರ್ವನಿಯೋಜಿತವಾಗಿ ಅಳವಡಿಸಿತು. ಉಬುಂಟು 2017ರಲ್ಲಿ ಒಮ್ಮೆ ಅಳವಡಿಸಿ, ಮರುವರ್ಷ ಹಿಂದೆ ಸರಿದು, 2021ರಲ್ಲಿ ಮತ್ತೆ ತಂದಿತು.

ಪರದೆ ಮೂಡುವ ಬಗೆ

ವಿದ್ಯುತ್ ಗುಂಡಿ ಒತ್ತಿದ ಮೇಲೆ ಮೊದಲು ತಯಾರಕರ ಲಾಂಛನ ಕಾಣುತ್ತದೆ. ಇದು ಮದರ್‌ಬೋರ್ಡ್‌ನ ಕೆಲಸ. ಬಳಿಕ ಗ್ರಬ್ ಎಂಬ ಆರಂಭಿಕ ತಂತ್ರಾಂಶವು ಕರ್ನೆಲ್ಲನ್ನು ನೆನಪಿಗೆ ತರುತ್ತದೆ. ಕರ್ನೆಲ್ ತನ್ನಲ್ಲಿರುವ ಗ್ರಾಫಿಕ್ಸ್ ಡ್ರೈವರ್ ಮೂಲಕ ಮಾನಿಟರನ್ನು ಮಾತನಾಡಿಸಿ ಪರದೆಯ ಅಳತೆಯನ್ನು ನಿಶ್ಚಯಿಸುತ್ತದೆ. ಆಮೇಲೆ ಲಾಗಿನ್ ಪುಟವನ್ನು ತೋರಿಸುವ ತಂತ್ರಾಂಶ, ಗುಪ್ತಪದ ಒಪ್ಪಿತವಾದ ಮೇಲೆ ಬಳಕೆದಾರರ ಡೆಸ್ಕ್‌ಟಾಪ್, ಕೊನೆಯಲ್ಲಿ ಅಕ್ಷರಗಳನ್ನು ಬಿಡಿಸುವ ಫಾಂಟ್‌ಗಳು ಬರುತ್ತವೆ.

ಈ ಸರಣಿ ಎಲ್ಲಿ ನಿಂತಿತು ಎಂಬುದನ್ನು ಗಮನಿಸಿದರೆ ಅರ್ಧ ಕೆಲಸ ಮುಗಿದಂತೆ. ಲಾಂಛನವೇ ಕಾಣದಿದ್ದರೆ ದೋಷ ಯಂತ್ರಾಂಶದ್ದು. ಲಿನಕ್ಸ್‌ಗೂ ಅದಕ್ಕೂ ಸಂಬಂಧವಿಲ್ಲ. ಲಾಂಛನ, ಗ್ರಬ್ ಎರಡೂ ಕಂಡು ಆಮೇಲೆ ಕಪ್ಪಾದರೆ ಶಂಕೆ ಡ್ರೈವರ್‌ನ ಮೇಲೆ. ಲಾಗಿನ್ ಪುಟದವರೆಗೆ ಬಂದು ಮುಂದೆ ಹೋಗದಿದ್ದರೆ ಡ್ರೈವರ್ ಬಹುಮಟ್ಟಿಗೆ ನಿರ್ದೋಷಿ. ತೊಡಕು ಬಳಕೆದಾರರ ಖಾತೆಯಲ್ಲಿದೆ. ಗುಬ್ಬಿ ವೀರಣ್ಣನವರ ನಾಡಿನವರಿಗೆ ಇದನ್ನು ವಿವರಿಸುವುದು ಸುಲಭ: ರಂಗದ ಪರದೆ ಏಳಲಿಲ್ಲವೆಂದರೆ ಹಗ್ಗ ಸಿಕ್ಕಿಕೊಂಡಿರಬಹುದು, ಪಾತ್ರಧಾರಿಗಳು ಬಣ್ಣ ಹಚ್ಚಿ ಒಳಗೇ ನಿಂತಿರುತ್ತಾರೆ.

ತುಮಕೂರು ಭಾಗದ ಸಂದರ್ಭ

ತುಮಕೂರು, ಗುಬ್ಬಿ ಹಾಗೂ ಕುಣಿಗಲ್ ತಾಲ್ಲೂಕುಗಳು ತುಮಕೂರು ಶೈಕ್ಷಣಿಕ ಜಿಲ್ಲೆಗೆ ಸೇರಿವೆ. ಕರ್ನಾಟಕದ ಸರ್ಕಾರಿ ಪ್ರೌಢಶಾಲಾ ಶಿಕ್ಷಕರಿಗೆ 2010ರ ದಶಕದಲ್ಲಿ ಐಟಿ ಫಾರ್ ಚೇಂಜ್ ಸಂಸ್ಥೆಯ ಸಹಯೋಗದಿಂದ ನಡೆದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಉಬುಂಟು ಮತ್ತು ಅದರ ಶೈಕ್ಷಣಿಕ ತಂತ್ರಾಂಶಗಳ ಪರಿಚಯ ಮಾಡಿಕೊಡಲಾಯಿತು. ತುಮಕೂರಿನ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯ, ಗುಬ್ಬಿಯ ಚನ್ನಬಸವೇಶ್ವರ ತಾಂತ್ರಿಕ ವಿದ್ಯಾಲಯಗಳಂಥ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳಿಗೆ ಲಿನಕ್ಸ್ ಪಾಠದ ಭಾಗ.

ಶಾಲೆಗಳಲ್ಲಿ ಉಳಿದಿರುವುದು ಹೆಚ್ಚಾಗಿ ಹಳೆಯ ಡೆಸ್ಕ್‌ಟಾಪ್‌ಗಳು, ವಿಜಿಎ ಕೇಬಲ್‌ಗಳು, ಹಲವು ಕೈ ಬದಲಾದ ಮಾನಿಟರ್‌ಗಳು. ಕೆಟ್ಟರೆ ನೋಡುವವರು ಪೇಟೆಯ ರಿಪೇರಿ ಅಂಗಡಿಯವರು. ಅವರ ಅಭ್ಯಾಸವೆಲ್ಲ ವಿಂಡೋಸ್‌ನದು. ಇದರೊಡನೆ ವಿದ್ಯುತ್ ಕಡಿತದ ಕಾಟ. ತಂತ್ರಾಂಶ ನವೀಕರಣ ನಡೆಯುತ್ತಿರುವಾಗ ಕರೆಂಟ್ ಹೋಗಿ, ಯುಪಿಎಸ್ ಕೂಡ ಕೈಕೊಟ್ಟರೆ, ಡ್ರೈವರ್ ಅರ್ಧಂಬರ್ಧ ಸ್ಥಾಪನೆಯಾಗಿ ಮಾರನೆಯ ದಿನ ಪರದೆ ಕಪ್ಪಾಗಿರುತ್ತದೆ. ಹಳ್ಳಿಯ ಶಾಲೆಯಲ್ಲಿ ಪರದೆ ಹಠಾತ್ತಾಗಿ ಕೆಟ್ಟಿತೆಂದಾಗ ಮೊದಲು ಕೇಳಬೇಕಾದ ಪ್ರಶ್ನೆ, ಹಿಂದಿನ ದಿನ ಯಂತ್ರವನ್ನು ಸರಿಯಾಗಿ ಮುಚ್ಚಲಾಗಿತ್ತೆ ಎಂಬುದು.

ಯಂತ್ರಾಂಶದ ಪರಿಶೀಲನೆ

ತಂತ್ರಾಂಶಕ್ಕೆ ಕೈ ಹಾಕುವ ಮೊದಲು ಕೇಬಲ್‌ಗಳನ್ನು ಬಿಗಿಮಾಡಿ, ಸಾಧ್ಯವಾದರೆ ಬೇರೆ ಮಾನಿಟರ್ ಹಾಗೂ ಬೇರೆ ಕೇಬಲ್‌ನೊಡನೆ ಪರೀಕ್ಷಿಸಬೇಕು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುವ ಡೆಸ್ಕ್‌ಟಾಪ್‌ನ ಹಿಂಭಾಗದಲ್ಲಿ ಎರಡು ಕಡೆ ಪರದೆಯ ಸಾಕೆಟ್‌ಗಳಿರುತ್ತವೆ. ಧೂಳು ಒರೆಸಿ ಮತ್ತೆ ಜೋಡಿಸುವಾಗ ಕೇಬಲನ್ನು ಕಾರ್ಡಿನ ಬದಲು ಮದರ್‌ಬೋರ್ಡ್‌ನ ಸಾಕೆಟ್‌ಗೆ ಚುಚ್ಚುವುದು ತೀರ ಸಾಮಾನ್ಯವಾದ ತಪ್ಪು. ರ‍್ಯಾಮ್ ಪಟ್ಟಿಯ ಸಂಪರ್ಕ ಸಡಿಲವಾಗಿದ್ದರೂ ಪರದೆ ಮೂಡದು. ವಿದ್ಯುತ್ ಸಂಪರ್ಕ ಪೂರ್ತಿ ತೆಗೆದು, ಪಟ್ಟಿಯನ್ನು ಹೊರತೆಗೆದು ಮತ್ತೆ ಬಿಗಿಯಾಗಿ ಕೂರಿಸಬೇಕು.

ಪಠ್ಯ ಕನ್ಸೋಲ್

ಚಿತ್ರಾತ್ಮಕ ಪದರ ಕುಸಿದಾಗ ವ್ಯವಸ್ಥೆಯೊಳಗೆ ಪ್ರವೇಶಿಸುವ ಬಾಗಿಲು ಪಠ್ಯ ಕನ್ಸೋಲ್. ಕಂಟ್ರೋಲ್, ಆಲ್ಟ್, ಎಫ್3 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಕಪ್ಪು ಹಿನ್ನೆಲೆಯಲ್ಲಿ ಲಾಗಿನ್ ಎಂಬ ಪದ ಕಾಣಿಸಿಕೊಳ್ಳುತ್ತದೆ. ಬಳಕೆದಾರರ ಹೆಸರು, ಗುಪ್ತಪದ ಕೊಟ್ಟರೆ ಒಳಗೆ ಬಂದಂತಾಯಿತು. ಗುಪ್ತಪದ ಟೈಪಿಸುವಾಗ ಚುಕ್ಕೆಗಳೂ ಕಾಣವು; ಕೀಲಿಮಣೆ ಕೆಟ್ಟಿದೆಯೆಂದು ಗಾಬರಿಯಾಗಬೇಕಿಲ್ಲ. ಚಿತ್ರಾತ್ಮಕ ಪರದೆಗೆ ಮರಳಲು ಎಫ್3ರ ಬದಲು ಎಫ್1 ಅಥವಾ ಎಫ್2 ಬಳಸಬೇಕು. ಈ ಲೇಖನದಲ್ಲಿ ಆದೇಶಗಳನ್ನು ಉಚ್ಚಾರಣೆಯಂತೆ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಯಂತ್ರದಲ್ಲಿ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪಿಸಬೇಕು, ದೊಡ್ಡ ಅಕ್ಷರ ಬೇಕಾದ ಕಡೆ ಹಾಗೆಂದು ಹೇಳಿದೆ.

ಕನ್ನಡದಲ್ಲಿ ಲಿನಕ್ಸ್ ಬಳಸುವವರಿಗೆ ಇಲ್ಲಿ ಒಂದು ವಿಶೇಷ ತೊಡಕು ಎದುರಾಗುತ್ತದೆ, ಅದರ ಬಗ್ಗೆ ಇಂಗ್ಲಿಷ್ ಕೈಪಿಡಿಗಳು ಸಾಮಾನ್ಯವಾಗಿ ಏನನ್ನೂ ಹೇಳುವುದಿಲ್ಲ. ಕರ್ನೆಲ್‌ನ ಪಠ್ಯ ಕನ್ಸೋಲ್ ಒಂದು ಬಾರಿಗೆ 256 ಅಥವಾ ಹೆಚ್ಚೆಂದರೆ 512 ಅಕ್ಷರರೂಪಗಳನ್ನು ಮಾತ್ರ ಇಟ್ಟುಕೊಳ್ಳಬಲ್ಲದು; ಒತ್ತಕ್ಷರ, ಗುಣಿತಾಕ್ಷರಗಳನ್ನು ಕೂಡಿಸುವ ಶಕ್ತಿ ಅದಕ್ಕಿಲ್ಲ. ಆದ್ದರಿಂದ ವ್ಯವಸ್ಥೆಯ ಭಾಷೆ ಕನ್ನಡವಾಗಿದ್ದರೆ ಕನ್ಸೋಲ್‌ನಲ್ಲಿ ದೋಷಸೂಚನೆಗಳು ಚೌಕಗಳ ಸಾಲಾಗಿ ಮೂಡಿ, ಓದಲಿಕ್ಕೇ ಆಗದು. ಲಾಗಿನ್ ಆದ ಕೂಡಲೇ ‘ಎಕ್ಸ್‌ಪೋರ್ಟ್ ಎಲ್‌ಸಿ_ಎಎಲ್‌ಎಲ್=ಸಿ’ ಎಂಬ ಆದೇಶ ಕೊಟ್ಟರೆ, ಆ ಕನ್ಸೋಲಿನ ಮಟ್ಟಿಗೆ ಸೂಚನೆಗಳು ಇಂಗ್ಲಿಷಿಗೆ ತಿರುಗುತ್ತವೆ. ಇದರಲ್ಲಿ ಮೊದಲ ಪದದ ಹೊರತು ಉಳಿದೆಲ್ಲವೂ ದೊಡ್ಡ ಅಕ್ಷರಗಳು. ಡೆಸ್ಕ್‌ಟಾಪ್‌ನ ಭಾಷೆ ಇದರಿಂದ ಬದಲಾಗುವುದಿಲ್ಲ.

ಕನ್ನಡದಲ್ಲಿ ಹೆಸರಿಟ್ಟ ಕಡತಗಳದೂ ಇದೇ ಕಥೆ. ಕನ್ಸೋಲ್‌ನಲ್ಲಿ ಅವುಗಳ ಹೆಸರು ಚೌಕಗಳಾಗಿ, ಮೇಲಿನ ಆದೇಶ ಕೊಟ್ಟ ಬಳಿಕ ಅಂಕಿಗಳ ಸಾಲಾಗಿ ಕಾಣುತ್ತದೆ. ಕಡತ ಹಾಳಾಗಿಲ್ಲ, ಹೆಸರೂ ಒಳಗೆ ಸರಿಯಾಗಿಯೇ ಇದೆ. ತೋರಿಸಲು ಕನ್ಸೋಲ್‌ಗೆ ಬರುವುದಿಲ್ಲ, ಅಷ್ಟೆ. ಅಂಥ ಕಡತಗಳನ್ನು ಒಂದೊಂದಾಗಿ ನಕಲಿಸುವ ಬದಲು, ‘ಟಾರ್’ ಎಂಬ ಆದೇಶದಿಂದ ಇಡೀ ಕಡತಕೋಶವನ್ನು ಇಂಗ್ಲಿಷ್ ಹೆಸರಿನ ಒಂದೇ ಕಟ್ಟಾಗಿ ಕಟ್ಟಿ ಪೆನ್‌ಡ್ರೈವ್‌ಗೆ ಹಾಕಿಕೊಳ್ಳುವುದು ಒಳ್ಳೆಯದು; ಕಟ್ಟು ಬಿಚ್ಚಿದಾಗ ಕನ್ನಡ ಹೆಸರುಗಳು ಹಾಗೆಯೇ ಸಿಗುತ್ತವೆ. ಎಫ್‌ಎಟಿ32 ಮಾದರಿಯ ಪೆನ್‌ಡ್ರೈವ್‌ನಲ್ಲಿ ಒಂದು ಕಡತ 4 ಜಿಬಿ ಮೀರುವಂತಿಲ್ಲ. ಕನ್ಸೋಲ್ ರೂಢಿಯಿಲ್ಲದವರು ಉಬುಂಟುವಿನ ಸ್ಥಾಪನಾ ಪೆನ್‌ಡ್ರೈವ್‌ನಿಂದ ಯಂತ್ರ ಆರಂಭಿಸಿ, ‘ಟ್ರೈ’ ಎಂಬುದನ್ನು ಆಯ್ದು, ಅಲ್ಲಿಂದ ಮೌಸ್ ಮೂಲಕವೇ ಕಡತಗಳನ್ನು ನಕಲಿಸಿಕೊಳ್ಳಬಹುದು. ಡಿಸ್ಕ್ ಅಳಿಸುವ ಆಯ್ಕೆಯನ್ನು ಮಾತ್ರ ಯಾವ ಕಾರಣಕ್ಕೂ ಒತ್ತಬಾರದು. ಯಾವುದೇ ದುರಸ್ತಿಗೆ ಮುನ್ನ ಈ ನಕಲು ಆಗಿರಬೇಕು.

ದೋಷ ದಾಖಲೆಗಳು

ಲಿನಕ್ಸ್ ತನ್ನ ಪ್ರತಿ ಹೆಜ್ಜೆಯನ್ನೂ ಬರೆದಿಡುತ್ತದೆ. ‘ಜರ್ನಲ್‌ಸಿಟಿಎಲ್ ಹೈಫನ್ ಬಿ’ ಎಂಬ ಆದೇಶ ಈ ಬಾರಿಯ ಆರಂಭದ ಸಂಪೂರ್ಣ ವೃತ್ತಾಂತವನ್ನು ತೋರಿಸುತ್ತದೆ. ಎಕ್ಸ್ ಸರ್ವರ್‌ನ ಪ್ರತ್ಯೇಕ ದಾಖಲೆಯು ವ್ಯವಸ್ಥೆಯ ಲಾಗ್ ಕಡತಕೋಶದಲ್ಲಿ, ಇಲ್ಲವೇ ಬಳಕೆದಾರರ ಮನೆಕೋಶದೊಳಗೆ ಮರೆಯಾಗಿರುವ ‘.ಲೋಕಲ್’ ಕೋಶದಲ್ಲಿ ಸಿಗುತ್ತದೆ. ಅದರಲ್ಲಿ ಎರಡು ‘ಇ’ ಅಕ್ಷರಗಳಿಂದ ಆರಂಭವಾಗುವ ಸಾಲು ದೋಷ. ಎರಡು ‘ಡಬ್ಲ್ಯು’ ಇರುವ ಸಾಲು ಬರಿಯ ಎಚ್ಚರಿಕೆ, ಬಹುಪಾಲು ನಿರ್ಲಕ್ಷಿಸಬಹುದಾದದ್ದು. ‘ನೋ ಸ್ಕ್ರೀನ್ಸ್ ಫೌಂಡ್’ ಎಂಬ ಪ್ರಸಿದ್ಧ ಸಾಲು ಪರಿಣಾಮವೇ ಹೊರತು ಕಾರಣವಲ್ಲ. ಕಾರಣವನ್ನು ಅದಕ್ಕಿಂತ ಮೇಲಿನ, ಮೊದಲ ದೋಷದ ಸಾಲಿನಲ್ಲಿ ಹುಡುಕಬೇಕು. ಯಂತ್ರದಲ್ಲಿರುವ ಗ್ರಾಫಿಕ್ಸ್ ಚಿಪ್ ಯಾವುದು, ಅದಕ್ಕೆ ಯಾವ ಡ್ರೈವರ್ ತಗುಲಿಕೊಂಡಿದೆ ಎಂಬುದನ್ನು ‘ಎಲ್‌ಎಸ್‌ಪಿಸಿಐ ಹೈಫನ್ ಕೆ’ ಆದೇಶ ಹೇಳುತ್ತದೆ.

ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ, ಅದನ್ನು ಪುಸ್ತಕದಲ್ಲಿ ಬರೆದಿಟ್ಟು, ಫಲ ನೋಡಿ ಮುಂದುವರಿಯುವುದು ಕ್ರಮ. ನಾಲ್ಕು ಉಪಾಯಗಳನ್ನು ಒಟ್ಟಿಗೆ ಪ್ರಯೋಗಿಸಿದರೆ ಯಾವುದು ಗುಣ ಕೊಟ್ಟಿತು, ಯಾವುದು ಕೆಡಿಸಿತು ಎಂಬುದೇ ತಿಳಿಯದು.

ಡ್ರೈವರ್ ದೋಷಗಳು

ಗ್ರಬ್‌ನ ನಂತರ ಪರದೆ ಕಪ್ಪಾಗಿ ಕನ್ಸೋಲ್ ಕೂಡ ಸಿಗದಿದ್ದರೆ, ಯಂತ್ರವನ್ನು ಮತ್ತೆ ಆರಂಭಿಸಿ ಶಿಫ್ಟ್ ಅಥವಾ ಎಸ್ಕೇಪ್ ಕೀಲಿಯಿಂದ ಗ್ರಬ್ ಪಟ್ಟಿಯನ್ನು ತೆರೆಯಬೇಕು. ಅಲ್ಲಿ ‘ಅಡ್ವಾನ್ಸ್ಡ್ ಆಪ್ಷನ್ಸ್’ ಎಂಬಲ್ಲಿ ಹಳೆಯ ಕರ್ನೆಲ್‌ಗಳೂ ಇರುತ್ತವೆ. ನವೀಕರಣದ ಮರುದಿನವೇ ಕೆಟ್ಟಿದ್ದರೆ ಹಿಂದಿನ ಕರ್ನೆಲ್ಲನ್ನು ಆಯ್ದು ನೋಡುವುದು ಅತ್ಯಂತ ಸರಳವಾದ, ಯಾವ ಹಾನಿಯೂ ಇಲ್ಲದ ಪರೀಕ್ಷೆ.

ಅದೂ ಫಲಿಸದಿದ್ದರೆ ‘ನೋಮೋಡ್‌ಸೆಟ್’ ಎಂಬ ಸೂಚನೆಯನ್ನು ಬಳಸಲಾಗುತ್ತದೆ. ಗ್ರಬ್ ಪಟ್ಟಿಯಲ್ಲಿ ‘ಇ’ ಕೀಲಿ ಒತ್ತಿ, ‘ಲಿನಕ್ಸ್’ ಎಂದು ಆರಂಭವಾಗುವ ಸಾಲಿನ ಕೊನೆಯಲ್ಲಿ ಒಂದು ಖಾಲಿ ಜಾಗ ಬಿಟ್ಟು ಈ ಪದವನ್ನು ಸೇರಿಸಿ, ಎಫ್10 ಒತ್ತಬೇಕು. ಆಗ ಕರ್ನೆಲ್ ವಿಶೇಷ ಡ್ರೈವರ್ ಬಿಟ್ಟು ಸರಳ ರೀತಿಯಲ್ಲಿ ಪರದೆಯನ್ನು ಮೂಡಿಸುತ್ತದೆ. ಚಿತ್ರ ಮಂದವಾಗಿ, ನಿಧಾನವಾಗಿ ಬರುತ್ತದೆ, ಆದರೆ ಬರುತ್ತದೆ. ಈ ತಿದ್ದುಪಡಿ ಆ ಒಂದು ಸಲಕ್ಕೆ ಮಾತ್ರ. ಇದನ್ನು ಶಾಶ್ವತಗೊಳಿಸಿ ವರ್ಷಗಟ್ಟಲೆ ಕುಂಟುವ ಪರದೆಯಲ್ಲಿ ಕೆಲಸ ಮಾಡುವವರಿದ್ದಾರೆ. ಇದು ಒಳಹೊಕ್ಕು ಡ್ರೈವರ್ ಸರಿಪಡಿಸಲು ಇಟ್ಟ ಏಣಿ, ವಾಸಕ್ಕೆ ಮನೆಯಲ್ಲ.

ಇಂಟೆಲ್ ಮತ್ತು ಎಎಂಡಿ ಚಿಪ್‌ಗಳ ಮುಕ್ತ ಡ್ರೈವರ್‌ಗಳು ಕರ್ನೆಲ್‌ನೊಡನೆಯೇ ಬರುತ್ತವೆ. ಎನ್‌ವಿಡಿಯಾ ಚಿಪ್‌ಗಳಿಗೆ ನೂವೋ ಎಂಬ ಮುಕ್ತ ಡ್ರೈವರ್ ಇದ್ದರೂ, ಪೂರ್ಣ ವೇಗ ಬೇಕೆಂದರೆ ಕಂಪನಿಯದೇ ಡ್ರೈವರನ್ನು ಪ್ರತ್ಯೇಕವಾಗಿ ಸ್ಥಾಪಿಸುವುದು ರೂಢಿ. ಅದು ಪ್ರತಿ ಹೊಸ ಕರ್ನೆಲ್‌ಗೂ ಮತ್ತೆ ಸಿದ್ಧಗೊಳ್ಳಬೇಕು. ಆ ಕೆಲಸ ಅರ್ಧಕ್ಕೆ ನಿಂತರೆ ಪರದೆ ಮೂಡದು. ಸೆಕ್ಯೂರ್ ಬೂಟ್ ಚಾಲನೆಯಲ್ಲಿರುವ ಲ್ಯಾಪ್‌ಟಾಪ್‌ನಲ್ಲಿ ಡ್ರೈವರ್ ಸ್ಥಾಪಿಸಿದ ಮೇಲೆ, ಮುಂದಿನ ಆರಂಭದಲ್ಲಿ ನೀಲಿ ಪುಟವೊಂದು ಬಂದು ಕೀಲಿಯನ್ನು ನೋಂದಾಯಿಸಿಕೊಳ್ಳಲೆ ಎಂದು ಕೇಳುತ್ತದೆ. ಅದೇನೆಂದು ತಿಳಿಯದೆ ಮುಂದೆ ಹೋದರೆ ಡ್ರೈವರ್ ಕೆಲಸ ಮಾಡುವುದಿಲ್ಲ. ಕಂಪನಿಯ ಜಾಲತಾಣದಿಂದ ನೇರವಾಗಿ ಇಳಿಸಿಕೊಳ್ಳುವುದಕ್ಕಿಂತ ವಿತರಣೆಯ ಭಂಡಾರದಿಂದ ಪಡೆಯುವುದು ಕ್ಷೇಮ. ಉಬುಂಟುವಿನಲ್ಲಿ ‘ಅಡಿಷನಲ್ ಡ್ರೈವರ್ಸ್’ ಎಂಬ ಕಿಟಕಿ ಇದಕ್ಕೆಂದೇ ಇದೆ.

ಕರೆಂಟ್ ಹೋಗಿ ನವೀಕರಣ ನಡುವೆ ಕಡಿದಿದ್ದರೆ, ಉಬುಂಟು ಮತ್ತು ಡೆಬಿಯನ್‌ಗಳಲ್ಲಿ ‘ಸುಡೊ ಡಿಪಿಕೆಜಿ ಹೈಫನ್ ಹೈಫನ್ ಕಾನ್ಫಿಗರ್ ಹೈಫನ್ ಎ’ ಎಂಬ ಆದೇಶ ನಿಂತ ಕೆಲಸವನ್ನು ಮುಂದುವರಿಸುತ್ತದೆ. ಹಳ್ಳಿಯ ಶಾಲೆಗಳ ಎಷ್ಟೋ ಕಪ್ಪು ಪರದೆಗಳಿಗೆ ಬೇಕಾದ ಮದ್ದು ಇಷ್ಟೇ.

ಲಾಗಿನ್ ಪುಟಕ್ಕೇ ಮರಳುವುದು

ಗುಪ್ತಪದ ಸರಿಯಿದ್ದರೂ ಪರದೆ ಒಮ್ಮೆ ಮಿಣುಕಿ ಲಾಗಿನ್ ಪುಟವೇ ಮತ್ತೆ ಬರುವುದಕ್ಕೆ ಎರಡು ಕಾರಣಗಳು ಪ್ರಮುಖ. ಒಂದು, ಡಿಸ್ಕ್ ತುಂಬಿರುವುದು. ಡೆಸ್ಕ್‌ಟಾಪ್ ತೆರೆಯುವಾಗ ಕೆಲವು ಸಣ್ಣ ಕಡತಗಳನ್ನು ಬರೆಯಬೇಕು. ಜಾಗವಿಲ್ಲದಿದ್ದರೆ ಅಲ್ಲಿಗೇ ನಿಲ್ಲುತ್ತದೆ. ಕನ್ಸೋಲ್‌ನಲ್ಲಿ ‘ಡಿಎಫ್ ಹೈಫನ್ ಎಚ್’ ಆದೇಶ ಕೊಟ್ಟು, ನೂರಕ್ಕೆ ನೂರು ತುಂಬಿದ ವಿಭಾಗವಿದೆಯೇ ಎಂದು ನೋಡಬೇಕು. ಮಕ್ಕಳೆಲ್ಲರೂ ಒಂದೇ ಖಾತೆ ಬಳಸುವ ಪ್ರಯೋಗಾಲಯಗಳಲ್ಲಿ ಇಳಿಸಿಕೊಂಡ ವಿಡಿಯೊಗಳೇ ಜಾಗ ತಿಂದಿರುತ್ತವೆ.

ಇನ್ನೊಂದು, ಮನೆಕೋಶದಲ್ಲಿ ಮರೆಯಾಗಿರುವ ‘.ಎಕ್ಸ್‌ಅಥಾರಿಟಿ’ ಎಂಬ ಕಡತದ ಒಡೆತನ ಬದಲಾಗಿರುವುದು. ಯಾರೋ ಸಲಹೆ ಕೊಟ್ಟರೆಂದು ಚಿತ್ರಾತ್ಮಕ ಪರದೆಯನ್ನು ‘ಸುಡೊ’ ಸೇರಿಸಿ ಆರಂಭಿಸಿದರೆ, ಆ ಕಡತ ನಿರ್ವಾಹಕರ ವಶಕ್ಕೆ ಹೋಗಿ, ಸಾಮಾನ್ಯ ಬಳಕೆದಾರರಿಗೆ ಅದನ್ನು ಬರೆಯಲಾಗುವುದಿಲ್ಲ. ‘ಎಂವಿ’ ಆದೇಶದಿಂದ ಅದರ ಹೆಸರು ಬದಲಿಸಿದರೆ ಸಾಕು, ಮುಂದಿನ ಲಾಗಿನ್‌ನಲ್ಲಿ ಹೊಸದು ಹುಟ್ಟಿಕೊಳ್ಳುತ್ತದೆ. ಹೊಸ ಬಳಕೆದಾರರ ಖಾತೆಯೊಂದನ್ನು ತೆರೆದು ಅದರಲ್ಲಿ ಲಾಗಿನ್ ಸಾಧ್ಯವೇ ಎಂದು ನೋಡಿದರೆ, ದೋಷ ಖಾತೆಯದೋ ವ್ಯವಸ್ಥೆಯದೋ ಎಂಬುದು ಸ್ಪಷ್ಟವಾಗುತ್ತದೆ.

ಅಳತೆ ಮತ್ತು ಪ್ರೊಜೆಕ್ಟರ್

ಮಾನಿಟರ್ ತನ್ನ ಸಾಮರ್ಥ್ಯದ ವಿವರವನ್ನು 128 ಬೈಟ್‌ಗಳ ಒಂದು ಪುಟ್ಟ ಪರಿಚಯಪತ್ರದಲ್ಲಿ ಕಂಪ್ಯೂಟರಿಗೆ ತಿಳಿಸುತ್ತದೆ. ಇಡಿಐಡಿ ಎಂಬ ಈ ಪದ್ಧತಿ 1994ರಲ್ಲಿ ರೂಪುಗೊಂಡಿತು. ವಿಜಿಎ ಕೇಬಲ್‌ನ 15 ಸೂಜಿಗಳಲ್ಲಿ 12 ಮತ್ತು 15ನೆಯವು ಈ ಸಂದೇಶವನ್ನು ಒಯ್ಯುತ್ತವೆ. ಪದೇ ಪದೇ ಎಳೆದು ಚುಚ್ಚುವುದರಿಂದ ಇವು ಬಾಗಿದರೆ ಅಥವಾ ಮುರಿದರೆ ಬಣ್ಣವೆಲ್ಲ ಸರಿಯಾಗಿ ಬರುತ್ತದೆ, ಆದರೆ ಪರಿಚಯ ತಲುಪದೆ ಪರದೆ 1024×768 ಮುಂತಾದ ಹಳೆಯ ಅಳತೆಗೆ ಇಳಿಯುತ್ತದೆ. ಉದ್ದನೆಯ ಕಡಿಮೆ ಬೆಲೆಯ ಪ್ರೊಜೆಕ್ಟರ್ ಕೇಬಲ್‌ಗಳಲ್ಲಿ ಈ ತಂತಿಗಳೇ ಇಲ್ಲದಿರುವುದೂ ಉಂಟು. ಇಂಥಲ್ಲಿ ಡ್ರೈವರ್ ಬದಲಿಸಿ ಫಲವಿಲ್ಲ, ಕೇಬಲ್ ಬದಲಿಸಬೇಕು.

ಬದಲಿ ಕೇಬಲ್ ಸಿಗದಿದ್ದರೆ, ಎಕ್ಸ್ ಅಧಿವೇಶನದಲ್ಲಿ ‘ಸಿವಿಟಿ’ ಆದೇಶದಿಂದ ಅಳತೆಯ ಲೆಕ್ಕ ಪಡೆದು, ‘ಎಕ್ಸ್‌ರಾಂಡ್‌ಆರ್’ ಮೂಲಕ ಕೈಯಿಂದಲೇ ಸೇರಿಸಬಹುದು. 1366×768 ಎಂದು ಕೊಟ್ಟರೆ ಸಿವಿಟಿ 1368 ಎಂದು ಹೇಳುವುದನ್ನು ಕಂಡು ಅನೇಕರು ತಬ್ಬಿಬ್ಬಾಗುತ್ತಾರೆ. ಅದರ ಲೆಕ್ಕದಲ್ಲಿ ಅಗಲವು ಎಂಟರಿಂದ ಭಾಗವಾಗಬೇಕು, 1366 ಭಾಗವಾಗದು, ಇದು ದೋಷವಲ್ಲ. ವೇಲ್ಯಾಂಡ್ ಅಧಿವೇಶನದಲ್ಲಿ ಈ ವಿಧಾನ ನಡೆಯುವುದಿಲ್ಲ. ಲಾಗಿನ್ ಪುಟದ ಮೂಲೆಯ ಹಲ್ಲುಚಕ್ರದ ಚಿಹ್ನೆಯಿಂದ ಎಕ್ಸ್ ಅಧಿವೇಶನವನ್ನು ಆಯ್ದುಕೊಳ್ಳುವ ಅನುಕೂಲ ಹಳೆಯ ಆವೃತ್ತಿಗಳಲ್ಲಿದೆ. 2025ರ ಅಕ್ಟೋಬರ್‌ನಲ್ಲಿ ಬಂದ ಉಬುಂಟು 25.10ರ ಮುಖ್ಯ ಡೆಸ್ಕ್‌ಟಾಪ್‌ನಲ್ಲಿ ಅದನ್ನು ಕೈಬಿಡಲಾಗಿದೆ.

ಕನ್ನಡ ಅಕ್ಷರಗಳ ತೊಡಕು

ಪರದೆ ಸರಿಯಾಗಿದ್ದು ಕನ್ನಡದ ಜಾಗದಲ್ಲಿ ಮಾತ್ರ ಚೌಕಗಳಿದ್ದರೆ, ಇಲ್ಲದಿರುವುದು ಕನ್ನಡ ಫಾಂಟ್. ಡೆಬಿಯನ್ ಮತ್ತು ಉಬುಂಟುಗಳಲ್ಲಿ ಲೋಹಿತ್ ಕನ್ನಡ, ಗುಬ್ಬಿ, ನವಿಲು ಎಂಬ ಮುಕ್ತ ಫಾಂಟ್‌ಗಳು ಭಂಡಾರದಲ್ಲಿಯೇ ದೊರೆಯುತ್ತವೆ; ‘ಫಾಂಟ್ಸ್ ಹೈಫನ್ ಕೆಎನ್‌ಡಿಎ’ ಎಂಬ ಕಟ್ಟನ್ನು ಸ್ಥಾಪಿಸಿದರೆ ಒಟ್ಟಿಗೆ ಬರುತ್ತವೆ. ಹೆಸರು ಒಂದೇ ಆದರೂ ಈ ಗುಬ್ಬಿ ನವಿಲಿನ ಜೊತೆಗಾರ ಹಕ್ಕಿ, ತುಮಕೂರಿನ ನೆರೆಯ ಊರಲ್ಲ.

ಚೌಕಗಳ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಅರ್ಥವಿಲ್ಲದ ಸಾಲುಗಳು ಕಂಡರೆ ಅದು ಬೇರೆಯೇ ಸಂಗತಿ. ಯುನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚು ಮಾಡಿದ ದಾಖಲೆಗಳು ಲಿನಕ್ಸ್‌ನಲ್ಲಿ ಹೀಗೆ ಕಾಣುತ್ತವೆ. ಅವುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಲಾಗಿರುತ್ತದೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಮೂಲ ಇಂಗ್ಲಿಷ್ ಅಕ್ಷರಗಳೇ ಹೊರಬೀಳುತ್ತವೆ. ಶಾಲೆಗಳ ಹಳೆಯ ಪ್ರಶ್ನೆಪತ್ರಿಕೆಗಳಲ್ಲಿ ಬಹಳಷ್ಟು ಇಂಥವು. ಅವನ್ನು ಅಳಿಸದೆ ಇಟ್ಟುಕೊಂಡು, ಪರಿವರ್ತಕ ತಂತ್ರಾಂಶದಿಂದ ಯುನಿಕೋಡ್‌ಗೆ ಬದಲಿಸಿಕೊಂಡರೆ ಲಿನಕ್ಸ್‌ನಲ್ಲಿ ಓದಬಹುದು, ತಿದ್ದಬಹುದು. ಪರಿವರ್ತನೆಯ ಬಳಿಕ ಅರ್ಕಾವತ್ತು ಮತ್ತು ಒತ್ತಕ್ಷರಗಳಿರುವ ಪದಗಳನ್ನು ಮೂಲದೊಡನೆ ಹೋಲಿಸಿ ನೋಡಬೇಕು.